ಹಾಲು ಎಂದರೆ ಕಾಲು ಎಂದು ಕೇಳಿಸಿದಾಗ

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ, ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಎರಡು ಮೂರು ವರ್ಷದಿಂದ ಹೇಳಿದ್ದನ್ನು ಅರ್ಧಂಬರ್ಧ ಕೇಳಿಸಿಕೊಳ್ಳುತ್ತಾರೆ. ಟಿ.ವಿ. ಸದ್ದು ಬೀದಿಗೆ ಕೇಳುತ್ತದೆ. ‘ನನ್ನ ಕಿವಿ ಚೆನ್ನಾಗೇ ಇದೆ, ನೀವೇ ಬಾಯೊಳಗೆ ಮಾತಾಡ್ತೀರಿ’ ಎಂದು ರೇಗುತ್ತಾರೆ. ವಯಸ್ಸಿಗೆ ಸಹಜ ಎಂದು ಬಿಟ್ಟುಬಿಡಬಹುದೆ? (ಸೊಸೆ, ಹಾಸನ)

ಉತ್ತರ: ಮಾವನವರ ಮಾತಿನಲ್ಲಿ ಅರ್ಧ ನಿಜವಿದೆ. ಅವರಿಗೆ ದನಿ ಕೇಳಿಸುತ್ತದೆ, ಮಾತು ಬಿಡಿಸಿಕೊಳ್ಳುವುದಿಲ್ಲ. ವಯಸ್ಸಾದವರ ಕಿವುಡುತನ ಶುರುವಾಗುವುದೇ ಹೀಗೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾ ಎಂಬ ಭಾಗವಿದೆ. ಅದರೊಳಗಿನ ರೋಮಕೋಶಗಳು ಶಬ್ದದ ಅಲುಗಾಟವನ್ನು ನರಸಂದೇಶವಾಗಿ ಬದಲಿಸಿ ಮಿದುಳಿಗೆ ಕಳಿಸುತ್ತವೆ. ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಸುರುಳಿಯ ಬುಡದಲ್ಲಿ, ಕೀಚಲು ದನಿಗಳನ್ನು ಹಿಡಿಯುವ ಜಾಗದಲ್ಲಿ, ಇವು ಮೊದಲು ಸವೆಯುತ್ತವೆ. ಅ, ಆ, ಒ ಮುಂತಾದ ಸ್ವರಗಳು ತಗ್ಗು ದನಿಯವು, ಬಲವಾದವು. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಏರು ದನಿಯಲ್ಲಿ, ಅದೂ ಬಹಳ ಮೆಲುವಾಗಿ. ಹೀಗಾಗಿ ಮಾತಿನ ಮೈ ಕೇಳಿಸಿದರೂ ಅಂಚು ಕಳೆದುಹೋಗುತ್ತದೆ.

ಊಟದ ಹೊತ್ತಿನಲ್ಲಿ ಸೊಸೆ ‘ಹಾಲು ಬೇಕಾ ಮಾವ?’ ಎಂದು ಕೇಳಿದರೆ ‘ಈಗ ವಾಸಿ, ಸ್ವಲ್ಪ ಊತ ಇದೆ ಅಷ್ಟೇ’ ಎಂಬ ಉತ್ತರ ಬರುವುದು ಇದಕ್ಕೇ. ಅವರ ಕಿವಿಗೆ ಬಿದ್ದದ್ದು ‘ಆಲು’ ಮಾತ್ರ. ಹಾಲೋ ಕಾಲೋ ಸಾಲೋ ಎಂಬುದನ್ನು ಮಿದುಳು ಊಹಿಸಿ ತುಂಬಿಕೊಂಡಿದೆ. ಮಕ್ಕಳು ನಗುತ್ತಾರೆ. ನಾಲ್ಕು ಸಲ ಹೀಗಾದ ಮೇಲೆ ಹಿರಿಯರು ಮಾತಿಗೆ ನಿಲ್ಲುವುದನ್ನೇ ಬಿಡುತ್ತಾರೆ. ಮದುವೆ ಮನೆಯಲ್ಲಿ ಮೂಲೆಯ ಕುರ್ಚಿ ಹಿಡಿಯುತ್ತಾರೆ, ಫೋನ್ ಬಂದರೆ ಮಗನ ಕೈಗೆ ಕೊಡುತ್ತಾರೆ. ಕಿವಿಯ ತೊಂದರೆಗಿಂತ ಹೆಚ್ಚು ನೋಯಿಸುವುದು ಈ ಹಿಂದೆ ಸರಿಯುವಿಕೆ. ಗಟ್ಟಿಯಾಗಿ ಕೂಗುವುದರಿಂದಲೂ ಪ್ರಯೋಜನವಿಲ್ಲ, ಕೂಗಿದಾಗ ಸ್ವರ ದೊಡ್ಡದಾಗುತ್ತದೆಯೇ ಹೊರತು ವ್ಯಂಜನವಲ್ಲ. ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ತುಸು ನಿಧಾನವಾಗಿ ಹೇಳಿದರೆ ಸಾಕು.

ಸಹಜವೇ ಎಂದರೆ, ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದವರಲ್ಲಿ ಶೇ 25ಕ್ಕೂ ಹೆಚ್ಚು ಮಂದಿಗೆ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣದೋಷವಿದೆ. ಆದರೆ ಕಣ್ಣಿನ ಪೊರೆಯೂ ಸಹಜವೇ, ಅದನ್ನು ಯಾರೂ ಹಾಗೆಯೇ ಬಿಡುವುದಿಲ್ಲ. ಮರೆಗುಳಿತನಕ್ಕೆ ದಾರಿ ಮಾಡುವ, ಆದರೆ ಸರಿಪಡಿಸಿಕೊಳ್ಳಬಹುದಾದ 14 ಕಾರಣಗಳನ್ನು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ಆಯೋಗ 2024ರಲ್ಲಿ ಪಟ್ಟಿ ಮಾಡಿದಾಗ ಶ್ರವಣದೋಷ ಅದರಲ್ಲಿ ಮುಖ್ಯ ಸ್ಥಾನದಲ್ಲಿತ್ತು. ಶ್ರವಣ ಸಾಧನ ಹಾಕಿಕೊಂಡರೆ ಮರೆವು ಬರುವುದೇ ಇಲ್ಲ ಎಂದು ಇದರರ್ಥವಲ್ಲ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯನ್ನು ಮೂರು ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಸಾಧನದಿಂದ ಲಾಭ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಕುಗ್ಗುವ ವೇಗ ಶೇ 48ರಷ್ಟು ತಗ್ಗಿತ್ತು. ಮಾತು ತಿಳಿಯುವುದು, ಮನೆಯವರ ಜೊತೆ ಬೆರೆಯುವುದು, ಇಷ್ಟೇ ಲಾಭ ಎಂದುಕೊಂಡರೂ ಅದೇನು ಕಡಿಮೆಯಲ್ಲ.

ಮೊದಲು ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ಎಷ್ಟೋ ಸಲ ಗಟ್ಟಿಯಾದ ಗುಗ್ಗೆ ತೆಗೆದ ಕೂಡಲೇ ಅರ್ಧ ತೊಂದರೆ ಹೋಗುತ್ತದೆ. ಮನೆಯಲ್ಲೇ ಹೇರ್‌ಪಿನ್, ಬಡ್ಸ್, ಬಿಸಿ ಎಣ್ಣೆ ಪ್ರಯೋಗಿಸುವುದು ಬೇಡ. ನಂತರ ಆಡಿಯಾಲಜಿಸ್ಟ್ ಬಳಿ ಪರೀಕ್ಷೆ. ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ‘ಪೀ’ ಎಂಬ ಸಣ್ಣ ದನಿ ಕೇಳಿದಾಗಲೆಲ್ಲ ಗುಂಡಿ ಒತ್ತಿಸುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ಸಿಗುವ ನಕ್ಷೆಯ ಹೆಸರು ಆಡಿಯೋಗ್ರಾಮ್. ಮೇಷ್ಟರಾಗಿದ್ದವರಿಗೆ ಆ ನಕ್ಷೆಯನ್ನು ಮುಂದಿಟ್ಟು, ಗೆರೆ ಎಲ್ಲಿ ಜಾರಿದೆ ಎಂದು ತೋರಿಸಿ ವಿವರಿಸಿದರೆ, ಬೇರೆ ಯಾವ ಒತ್ತಾಯಕ್ಕೂ ಒಪ್ಪದವರು ಅದಕ್ಕೆ ಒಪ್ಪಬಹುದು.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಅಲ್ಲಿಂದಲೇ ಕಿವಿ ಮಿಷನ್ ತರುತ್ತೇನೆ ಎನ್ನುತ್ತಾನೆ. ತರಿಸಿಕೊಳ್ಳಬಹುದೆ? (ಓದುಗರು, ಬೆಂಗಳೂರು)

ಉತ್ತರ: ಅಕ್ಟೋಬರ್ 2022ರಿಂದ ಅಲ್ಲಿ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲೇ ಶ್ರವಣ ಸಾಧನ ಕೊಳ್ಳಬಹುದು. ಆದರೆ ಅವು ಸೌಮ್ಯದಿಂದ ಮಧ್ಯಮ ದೋಷವಿರುವ ವಯಸ್ಕರಿಗೆಂದೇ ಇರುವಂಥವು. ದೋಷ ಎಷ್ಟೆಂದು ಪರೀಕ್ಷೆಯಿಂದ ಗೊತ್ತಾಗುವ ಮುನ್ನ ತರಿಸುವುದು ಅಳತೆ ಕೊಡದೆ ಚಪ್ಪಲಿ ಹೊಲಿಸಿದಂತೆ. ಇನ್ನೊಂದು ತೊಡಕು, ಸಾಧನವನ್ನು ಮೊದಲ ತಿಂಗಳುಗಳಲ್ಲಿ ಮೂರು ನಾಲ್ಕು ಸಲವಾದರೂ ಹೊಂದಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಕೊಂಡದ್ದನ್ನು ಇಲ್ಲಿ ಹೊಂದಿಸಿಕೊಡುವವರು ಸಿಗದಿದ್ದರೆ ಅದು ಬೀರುವಿಗೇ ಸೇರುತ್ತದೆ. ಮಗ ಹಣ ಕಳಿಸಲಿ, ಸಾಧನವನ್ನು ಮನೆಗೆ ಹತ್ತಿರದಲ್ಲೇ ಕೊಳ್ಳುವುದು ಮೇಲು. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ದನಿವರ್ಧಕಗಳಂತೂ ಬೇಡವೇ ಬೇಡ. ಅವು ಮಾತಿನ ಜೊತೆಗೆ ಮಿಕ್ಸಿಯ ಸದ್ದನ್ನೂ ಅಷ್ಟೇ ಹಿಗ್ಗಿಸುತ್ತವೆ.

ಪ್ರಶ್ನೆ: ಅಮ್ಮನಿಗೆ ಸಾಧನ ಕೊಡಿಸಿ ಒಂದು ತಿಂಗಳಾಯಿತು. ‘ತಲೆ ಚಿಟ್ಟು ಹಿಡಿಯುತ್ತೆ’ ಎಂದು ತೆಗೆದಿಟ್ಟಿದ್ದಾರೆ. ಹಣ ವ್ಯರ್ಥವಾಯಿತೆ? (ಮಗ, ಉಡುಪಿ)

ಉತ್ತರ: ಆಗಿಲ್ಲ. ಹತ್ತು ವರ್ಷ ಮೌನಕ್ಕೆ ಒಗ್ಗಿದ ಮಿದುಳಿಗೆ ಫ್ಯಾನಿನ ಗುರ್ ಸದ್ದು, ಕುಕ್ಕರಿನ ಸೀಟಿ, ಸ್ಟೀಲ್ ತಟ್ಟೆಯ ಠಣ್, ತನ್ನದೇ ದನಿ, ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಬೇಡದ ಸದ್ದನ್ನು ಬದಿಗೆ ಸರಿಸುವುದನ್ನು ಮಿದುಳು ಮತ್ತೆ ಕಲಿಯಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಮೊದಲ ವಾರ ಮನೆಯಲ್ಲೇ, ಸದ್ದಿಲ್ಲದ ಹೊತ್ತಿನಲ್ಲಿ, ಒಬ್ಬರ ಜೊತೆ ಮಾತಾಡುವಾಗ ಗಂಟೆ ಎರಡು ಗಂಟೆ ಹಾಕಿಕೊಳ್ಳಲಿ. ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿಸುತ್ತ ಹೋಗಲಿ. ಜಾತ್ರೆ, ಮದುವೆ ಕೊನೆಗೆ. ಕಿವಿ ನೋಯುತ್ತಿದ್ದರೆ ಅಥವಾ ಸಾಧನ ಸಿಳ್ಳೆ ಹಾಕುತ್ತಿದ್ದರೆ ಅದು ಅಮ್ಮನ ಹಟವಲ್ಲ. ಕಿವಿಯ ಅಚ್ಚು ಸರಿಯಾಗಿ ಕೂತಿಲ್ಲ ಅಥವಾ ಗುಗ್ಗೆ ಕಟ್ಟಿದೆ ಎಂದರ್ಥ. ಕೊಂಡಲ್ಲಿಗೇ ಹೋಗಿ, ಯಾವ ಸದ್ದು ಚುಚ್ಚುತ್ತದೆ ಎಂದು ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಹೊಂದಿಸಿಕೊಡಲು ಕೇಳಿ. ಅದು ನೀವು ಕೊಟ್ಟ ಹಣದಲ್ಲೇ ಸೇರಿದ ಕೆಲಸ.

ಕರಾವಳಿಯ ಬೆವರು, ಮಳೆಗಾಲದ ತೇವ ಎರಡೂ ಸಾಧನಕ್ಕೆ ಶತ್ರು. ರಾತ್ರಿ ಒಣ ಬಟ್ಟೆಯಿಂದ ಒರೆಸಿ, ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಗುಂಡಿ ಬ್ಯಾಟರಿಯ ಬೆನ್ನಿನ ಬಣ್ಣದ ಚೀಟಿ ಕಿತ್ತೊಡನೆ ಗಾಳಿ ತಾಗಿ ಅದು ಕೆಲಸ ಶುರು ಮಾಡುತ್ತದೆ. ಹಾಕುವ ಮುನ್ನ ಒಂದು ನಿಮಿಷ ಬಿಡಬೇಕು, ಮುಂಚೆಯೇ ಕಿತ್ತಿಟ್ಟರೆ ಬಳಸದೆಯೇ ಸವೆಯುತ್ತದೆ. ಈ ಬ್ಯಾಟರಿಯನ್ನು ಮಾತ್ರೆಯ ಡಬ್ಬಿಯ ಹತ್ತಿರ ಎಂದೂ ಇಡಬೇಡಿ. ಮಾತ್ರೆಯೆಂದು ನುಂಗಿದ ಹಿರಿಯರಿದ್ದಾರೆ, ಮೊಮ್ಮಕ್ಕಳಿಗಂತೂ ಅದು ಪ್ರಾಣಾಪಾಯ. ಯಾರೇ ನುಂಗಿದರೂ ಕಾದು ನೋಡದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಒಳ್ಳೆಯ ಸಾಧನಕ್ಕೆ ಲಕ್ಷ ರೂಪಾಯಿ ಎನ್ನುತ್ತಾರೆ. ಬಡವರೇನು ಮಾಡಬೇಕು? (ಓದುಗರು, ಚಾಮರಾಜನಗರ)

ಉತ್ತರ: ಲಕ್ಷದ ಸಾಧನ ಎಲ್ಲರಿಗೂ ಬೇಕಿಲ್ಲ. ಮನೆಯಲ್ಲೇ ಇರುವ ಹಿರಿಯರಿಗೆ, ಸರಿಯಾಗಿ ಹೊಂದಿಸಿದ ಸಾಧಾರಣ ಡಿಜಿಟಲ್ ಸಾಧನವೇ ಸಾಕಾಗುವುದುಂಟು. ನಿಮಗೆ ಹತ್ತಿರದ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ ಈ ಸಂಸ್ಥೆಯಲ್ಲಿ ಪರೀಕ್ಷೆ, ಸಾಧನದ ಆಯ್ಕೆ, ಕಿವಿಯ ಅಚ್ಚು ಎಲ್ಲವೂ ಒಂದೇ ಆವರಣದಲ್ಲಿ ಆಗುತ್ತವೆ, ಕನ್ನಡದಲ್ಲೇ ಮಾತಾಡಬಹುದು. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ, 60 ದಾಟಿದ, ಬಡತನ ರೇಖೆಗಿಂತ ಕೆಳಗಿರುವ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ಊರುಗೋಲು, ಕನ್ನಡಕದ ಜೊತೆ ಶ್ರವಣ ಸಾಧನವನ್ನೂ ಉಚಿತವಾಗಿ ಶಿಬಿರಗಳಲ್ಲಿ ಕೊಡುತ್ತಾರೆ. ಶಿಬಿರ ಯಾವಾಗ ಎಂದು ಜಿಲ್ಲಾ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಕಚೇರಿಯಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.

ಪ್ರಶ್ನೆ: ನನಗೆ 68. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಕಿವಿಗೂ ಇವಕ್ಕೂ ಸಂಬಂಧವಿದೆಯೆ? (ಓದುಗರು, ಧಾರವಾಡ)

ಉತ್ತರ: ಇದೆ. ಒಳಗಿವಿಗೆ ರಕ್ತ ಒಯ್ಯುವ ನಾಳಗಳು ಕೂದಲೆಳೆಯಂಥವು, ಈ ಎರಡೂ ಕಾಯಿಲೆಗಳಿಂದ ಅವು ಹಾಳಾಗಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಶ್ರವಣದೋಷವು, ಆ ಕಾಯಿಲೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ವರ್ಷಕ್ಕೊಮ್ಮೆ ಕಣ್ಣು, ಪಾದ ತೋರಿಸುವಂತೆ ಕಿವಿಯನ್ನೂ ಪರೀಕ್ಷಿಸಿಕೊಳ್ಳಿ. ಕಿವಿಗೆ ಹಾನಿ ಮಾಡಬಲ್ಲ ಔಷಧಗಳೂ ಇವೆ: ಜೆಂಟಾಮೈಸಿನ್, ಅಮಿಕಾಸಿನ್ ಚುಚ್ಚುಮದ್ದು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್, ಹೆಚ್ಚು ಪ್ರಮಾಣದ ಫ್ಯೂರೋಸಮೈಡ್. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಕಿವಿ ಮಂದವಾಗಿದೆ ಎಂದು ವೈದ್ಯರಿಗೆ ಮೊದಲೇ ಹೇಳಿ. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ನಿದ್ದೆಗೆಡಿಸುವಷ್ಟು ಕಿವಿನೋವು ಬಂದರೆ ತಡಮಾಡದೆ ತೋರಿಸಬೇಕು, ಸೋಂಕು ಮೂಳೆಗೆ ಇಳಿಯುವ ಅಪಾಯವಿರುತ್ತದೆ.

ಆಸ್ಪತ್ರೆಗೆ ಹೋಗುವಾಗ ಸಾಧನ ಹಾಕಿಕೊಂಡೇ ಹೋಗಿ. ‘ಬೆಳಿಗ್ಗೆ ಒಂದು, ರಾತ್ರಿ ಅರ್ಧ’ ಎಂದದ್ದು ತಿರುವುಮುರುವಾಗಿ ಕೇಳಿಸಿದರೆ ಸಕ್ಕರೆ ಪಾತಾಳಕ್ಕಿಳಿಯಬಹುದು. ಮಾತ್ರೆಯ ವಿವರವನ್ನು ಕನ್ನಡದಲ್ಲಿ ಬರೆಸಿಕೊಳ್ಳಿ, ಬರೆದದ್ದನ್ನು ಅಲ್ಲೇ ಒಮ್ಮೆ ಓದಿ ಒಪ್ಪಿಸಿ. ‘ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನಲು ಸಂಕೋಚವೇ ಬೇಡ.

ಪ್ರಶ್ನೆ: ನಿನ್ನೆ ಬೆಳಿಗ್ಗೆ ಏಳುವಾಗ ಎಡಗಿವಿ ಪೂರ್ತಿ ಮುಚ್ಚಿದಂತಾಗಿದೆ. ನೆಗಡಿಯಿರಬಹುದೆಂದು ಎರಡು ವಾರ ನೋಡಲೆ? (ಓದುಗರು, ಶಿವಮೊಗ್ಗ)

ಉತ್ತರ: ನೋಡಬೇಡಿ. ಗುಗ್ಗೆಯೋ ನೆಗಡಿಯೋ ಆಗಿದ್ದರೆ ಒಳ್ಳೆಯದೇ. ಆದರೆ ಮೂರು ದಿನದೊಳಗೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗುವುದು ನರದ ತೊಂದರೆಯೂ ಇರಬಹುದು. ಅದಕ್ಕೆ ಕೊಡುವ ಸ್ಟೀರಾಯ್ಡ್ ಔಷಧ ಮೊದಲ ದಿನಗಳಲ್ಲಿ ಫಲಿಸಿದಷ್ಟು ಎರಡು ವಾರದ ನಂತರ ಫಲಿಸುವುದಿಲ್ಲ. ಈ ಉತ್ತರ ಅಚ್ಚಾಗುವವರೆಗೆ ಕಾಯಬಾರದೆಂದು ಪ್ರಶ್ನೆ ಬಂದ ದಿನವೇ ಇವರಿಗೆ ಫೋನಿನಲ್ಲಿ ತಿಳಿಸಲಾಗಿದೆ.