ಅವರ ಕೂಲಿ, ನಮ್ಮ ವಿಶ್ವಾಸ



ಬೆಳಗಿನ ಬಲಿಪೂಜೆ ಮುಗಿಸಿ ಬರುವಾಗ ಆರ್.ಟಿ. ನಗರ, ಹೆಬ್ಬಾಳದ ಬೀದಿಗಳಲ್ಲಿ ಮನೆಗೆಲಸಕ್ಕೆ ಅವಸರದಿಂದ ಹೋಗುವ ಹೆಂಗಸರನ್ನು ಕಂಡಿರುತ್ತೀರಿ. ಪಾತ್ರೆ, ಬಟ್ಟೆ, ನೆಲ ಎಂದು ಮೂರು ನಾಲ್ಕು ಮನೆ ಸುತ್ತುವ ಇಂಥವರ ಅಹವಾಲು ಜಿನೀವಾದವರೆಗೂ ಮುಟ್ಟಿದೆ ಎಂಬುದು ನಿಮಗೆ ಗೊತ್ತೇ?

ಬೆಲ್ಜಿಯಂ ದೇಶದ ಕನ್ಯಾಸ್ತ್ರೀ ಸಿಸ್ಟರ್ ಜೀನ್ ಡೆವೋಸ್ 1985ರಲ್ಲಿ ನಮ್ಮ ದೇಶದಲ್ಲಿ ರಾಷ್ಟ್ರೀಯ ಮನೆಗೆಲಸಗಾರರ ಚಳವಳಿಯನ್ನು ಆರಂಭಿಸಿದರು. ಇಂಥ ಹಲವು ದೇಶಗಳ ಸಂಘಟನೆಗಳ ಒತ್ತಾಯದ ಫಲವಾಗಿ, 2011ರ ಜೂನ್ 16ರಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಪರವಾಗಿ 396 ಮತ, ವಿರುದ್ಧವಾಗಿ 16. ವಾರಕ್ಕೊಮ್ಮೆ ಎಡೆಬಿಡದೆ 24 ಗಂಟೆಗಳ ವಿರಾಮ, ಕಿರುಕುಳದಿಂದ ರಕ್ಷಣೆ ಅದರಲ್ಲಿವೆ. ಹೆಂಗಸರ ಮನೆಗೆಲಸ ಕೆಲಸವೇ ಅಲ್ಲ ಎಂಬ ಹಳೆಯ ತಾತ್ಸಾರಕ್ಕೆ ಇದು ಉತ್ತರ. ಭಾರತ ಪರವಾಗಿ ಮತ ನೀಡಿತು. ಆದರೆ ಒಡಂಬಡಿಕೆಯನ್ನು ಇನ್ನೂ ಸ್ಥಿರೀಕರಿಸಿಲ್ಲ. ಕರ್ನಾಟಕವಾದರೋ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿತ್ತು.

ಕಾನೂನು ಬರಲಿ ಎಂದು ವಿಶ್ವಾಸಿಗಳಾದ ನಾವು ಕಾಯಬೇಕೇ? ಬಡವರ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ (24:14-15) ವಿಧಿಸುತ್ತದೆ. ತಡೆಹಿಡಿದ ಕೂಲಿಯ ಕೂಗು ದೇವರಿಗೆ ಕೇಳಿಸುತ್ತದೆಂದು ಸಂತ ಯಕೋಬರು (5:4) ಎಚ್ಚರಿಸುತ್ತಾರೆ.

ಇಂದು ಕುಟುಂಬ ಪ್ರಾರ್ಥನೆಯ ನಂತರ ಎಲ್ಲರೂ ಕೂಡಿ ಯೋಚಿಸಿ:

1. ನಮ್ಮ ಮನೆಗೆಲಸದವರಿಗೆ ವಾರಕ್ಕೊಂದು ರಜೆ ಇದೆಯೇ? ಕಾಯಿಲೆ ಬಿದ್ದ ದಿನ ಸಂಬಳ ಕಡಿಯುತ್ತೇವೆಯೇ?

2. ಅವರಿಗೆಂದು ಬೇರೆ ಲೋಟ ಇಟ್ಟಿದ್ದೇವೆಯೇ?

3. ನಮ್ಮ ಮನೆಯ ಗಂಡುಮಕ್ಕಳು ತಮ್ಮ ತಟ್ಟೆ ತಾವೇ ತೊಳೆಯುತ್ತಾರೆಯೇ?

ಉತ್ತರ ಹೇಳಲು ನಾಲಿಗೆ ತಡವರಿಸಿದರೆ ತಿದ್ದಿಕೊಳ್ಳೋಣ. ನಾಳೆ ಬೆಳಿಗ್ಗೆಯೇ ಅವರು ಬಂದು ಬಾಗಿಲು ತಟ್ಟುತ್ತಾರೆ.