ಸಂಸಾರಸ್ಥ ಮಿಷನರಿಗಳು: ಲಾಚೋರಿನ ಕೊರ್ತಿ ಕುಟುಂಬ

ಮಿಷನರಿ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವರು ಬಿಳಿಯ ನಿಲುವಂಗಿ ತೊಟ್ಟ ಗುರುಗಳು, ಇಲ್ಲವೇ ಕನ್ಯಾಸ್ತ್ರೀಯರು. ಅಕ್ಟೋಬರ್ ತಿಂಗಳಲ್ಲಿ ಮಿಷನ್ ಭಾನುವಾರದ ಕಾಣಿಕೆ ಹಾಕುವಾಗಲೂ ನಮ್ಮ ಮನಸ್ಸಿನಲ್ಲಿರುವುದು ಅವರೇ. ಮದುವೆಯಾಗಿ, ಮಗುವನ್ನು ಹೆತ್ತು, ಸಂಸಾರದ ತಾಪತ್ರಯಗಳನ್ನೆಲ್ಲ ಹೊತ್ತುಕೊಂಡೇ ಪರದೇಶದ ಬಡವರ ನಡುವೆ ಹೋಗಿ ನೆಲೆಸಿದವರೂ ಮಿಷನರಿಗಳೇ ಎಂಬುದು ನಮಗೆ ಥಟ್ಟನೆ ಹೊಳೆಯುವುದಿಲ್ಲ.

ಆದರೆ ಆದಿ ಕ್ರೈಸ್ತಸಭೆಯಲ್ಲೇ ಅಂಥ ಒಂದು ಜೋಡಿ ಇತ್ತು. ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯವನ್ನು ತೆರೆದು ನೋಡಿ. ಅಕ್ವಿಲ ಮತ್ತು ಪ್ರಿಸ್ಸಿಲ ಎಂಬ ಗಂಡಹೆಂಡತಿ ಅಲ್ಲಿ ಸಿಗುತ್ತಾರೆ. ಗುಡಾರ ಮಾಡುವುದು ಅವರ ಕಸುಬು. ಕ್ಲಾಡಿಯಸ್ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಗಟ್ಟಿದಾಗ ಕೊರಿಂಥಕ್ಕೆ ಬಂದವರು. ಸಂತ ಪೌಲರು ಅವರ ಮನೆಯಲ್ಲೇ ಉಳಿದುಕೊಂಡು ಅವರ ಜೊತೆ ಅದೇ ಕಸುಬು ಮಾಡಿದರು. ಮುಂದೆ ಈ ದಂಪತಿ ಎಫೆಸಕ್ಕೆ ಹೋದರು. ಅಲ್ಲಿ ಅಪೊಲ್ಲೋಸ್ ಎಂಬ ಒಳ್ಳೆಯ ಮಾತುಗಾರನನ್ನು ಕರೆದುಕೊಂಡು ಹೋಗಿ, ದೇವರ ಮಾರ್ಗವನ್ನು ಇನ್ನಷ್ಟು ಸ್ಪಷ್ಟವಾಗಿ ತಿಳಿಸಿಕೊಟ್ಟರು. ಹೊಸ ಒಡಂಬಡಿಕೆಯಲ್ಲಿ ಇವರ ಹೆಸರು ಆರು ಕಡೆ ಬರುತ್ತದೆ. ಆರು ಕಡೆಯೂ ಇಬ್ಬರದೂ ಜೊತೆಯಾಗಿಯೇ ಬರುತ್ತದೆ. ಜಗದ್ಗುರು ಎರಡನೇ ಜಾನ್ ಪೌಲರು ಕುಟುಂಬಗಳನ್ನು ಕುರಿತು 1981ರಲ್ಲಿ ಹೊರಡಿಸಿದ 'ಫಮಿಲಿಯಾರಿಸ್ ಕೊನ್ಸೋರ್ಸಿಯೊ' ಪತ್ರದಲ್ಲಿ ಇವರನ್ನೇ ಮಿಷನರಿ ದಂಪತಿಗಳೆಂದು ನೆನೆದು, ಇಂದಿನ ಕ್ರೈಸ್ತ ಕುಟುಂಬಗಳೂ ದೂರದ ನಾಡುಗಳಿಗೆ ಸೇವೆಗೆ ಹೋಗಬಹುದೆಂದು ತಿಳಿಸಿದ್ದಾರೆ.

ಹಾಗೆ ಹೋದವರ ಬದುಕು ನಿಜಕ್ಕೂ ಹೇಗಿರುತ್ತದೆ? ಇದನ್ನು ತಿಳಿಯಲು ಈ ವಾರ ಒಂದು ಕುಟುಂಬವನ್ನು ಹತ್ತಿರದಿಂದ ನೋಡೋಣ. ಗಂಡ ಇಟಲಿಯವರು, ಹೆಂಡತಿ ಕೆನಡಾದವರು, ಮಗಳು ಉಗಾಂಡದಲ್ಲಿ ಹುಟ್ಟಿದವಳು.

ಲೂಸಿಲ್ ಟೀಸ್ಡೇಲ್ ಹುಟ್ಟಿದ್ದು 1929ರಲ್ಲಿ, ಕೆನಡಾದ ಮೊಂಟ್ರಿಯಲ್ ನಗರದಲ್ಲಿ. ಹನ್ನೆರಡು ವರ್ಷದವಳಿದ್ದಾಗ, ಚೀನಾದಲ್ಲಿ ಸೇವೆ ಮಾಡಿ ಬಂದಿದ್ದ ಕನ್ಯಾಸ್ತ್ರೀಯರು ಆಕೆಯ ಶಾಲೆಗೆ ಭೇಟಿ ಕೊಟ್ಟರು. ಅವರ ಮಾತು ಕೇಳಿದ ಹುಡುಗಿ ತಾನು ಡಾಕ್ಟರಾಗಬೇಕೆಂದು ತೀರ್ಮಾನಿಸಿದಳು. (ಶಾಲೆಗೆ ಬಂದು ಹೋಗುವ ಅತಿಥಿಗಳ ಮಾತು ಮಕ್ಕಳ ತಲೆಗೆ ಹೋಗುವುದಿಲ್ಲವೆಂದು ಶಿಕ್ಷಕರು ಬೇಸರಪಡಬೇಕಾಗಿಲ್ಲ!) 1955ರಲ್ಲಿ ವೈದ್ಯಕೀಯ ಪದವಿ ಪಡೆದು, ಕ್ವಿಬೆಕ್ ಪ್ರಾಂತ್ಯದ ಮೊದಮೊದಲ ಮಹಿಳಾ ಸರ್ಜನ್‌ಗಳಲ್ಲಿ ಒಬ್ಬರಾದರು. ಹೆಣ್ಣುಮಗಳೊಬ್ಬಳು ಸರ್ಜನ್ ಆಗುವುದೆಂದರೆ ಆ ಕಾಲದಲ್ಲಿ ಅಲ್ಲಿಯೂ ಜನ ಹುಬ್ಬೇರಿಸುತ್ತಿದ್ದರು. ಮೇಲಿನ ತರಬೇತಿಗೆ ಅಮೆರಿಕದ ಆಸ್ಪತ್ರೆಗಳಿಗೆ ಹಾಕಿದ ಅರ್ಜಿಗಳು ಕೈಗೂಡದೆ, ಫ್ರಾನ್ಸಿನ ಮಾರ್ಸೇಯ್‌ಗೆ ಹೋಗಬೇಕಾಯಿತು.

ಪಿಯೆರೊ ಕೊರ್ತಿ 1925ರಲ್ಲಿ ಇಟಲಿಯ ಮಿಲಾನ್ ಬಳಿಯ ಬೆಸಾನಾ ಎಂಬ ಊರಿನಲ್ಲಿ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದವರು, ಮಕ್ಕಳ ವೈದ್ಯರು. ಲೂಸಿಲ್ ಅವರ ಪರಿಚಯವಾದದ್ದು ಮೊಂಟ್ರಿಯಲ್‌ನ ಮಕ್ಕಳ ಆಸ್ಪತ್ರೆಯಲ್ಲಿ. ಬಡನಾಡೊಂದರಲ್ಲಿ ಆಸ್ಪತ್ರೆ ಕಟ್ಟಬೇಕೆಂಬುದು ಪಿಯೆರೊ ಅವರ ಕನಸು. ಅದಕ್ಕಾಗಿ ಅವರು ಆರಿಸಿಕೊಂಡ ಸ್ಥಳ ಉತ್ತರ ಉಗಾಂಡದ ಗುಲು ಪಟ್ಟಣದ ಹತ್ತಿರವಿರುವ ಲಾಚೋರ್. ಅಲ್ಲಿ ಕೊಂಬೋನಿ ಮಿಷನರಿಗಳು 1959ರಲ್ಲಿ ಅಚೋಲಿ ಜನರಿಗಾಗಿ ಸಂತ ಮೇರಿಯವರ ಹೆಸರಿನಲ್ಲಿ ಮೂವತ್ತು ಹಾಸಿಗೆಯ ಒಂದು ಚಿಕ್ಕ ಆಸ್ಪತ್ರೆ ತೆರೆದಿದ್ದರು. ಆದರೆ ಸರ್ಜನ್ ಇರಲಿಲ್ಲ. ಒಂದೆರಡು ತಿಂಗಳ ಮಟ್ಟಿಗೆ ಬಂದು ಶಸ್ತ್ರಚಿಕಿತ್ಸೆ ವಿಭಾಗವನ್ನು ಶುರುಮಾಡಿಕೊಡಿ ಎಂದು ಪಿಯೆರೊ ಲೂಸಿಲ್ ಅವರನ್ನು ಕೇಳಿದರು. ಸಂಬಳ ಕೊಡುವ ಶಕ್ತಿಯಿಲ್ಲ, ವಿಮಾನದ ಖರ್ಚು ಮತ್ತು ಸಿಗರೇಟಿನ ಖರ್ಚು ಮಾತ್ರ ಕೊಡಬಲ್ಲೆ ಎಂದರಂತೆ! 1961ರಲ್ಲಿ ಲೂಸಿಲ್ ಹೋದರು. ಅದೇ ವರ್ಷ ಡಿಸೆಂಬರ್ 5ರಂದು ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ಇಬ್ಬರೂ ವಿವಾಹ ಸಂಸ್ಕಾರ ಪಡೆದರು. ಒಂದೆರಡು ತಿಂಗಳಿಗೆಂದು ಹೋದವರು ಮೂವತ್ತೈದು ವರ್ಷ ಅಲ್ಲಿಯವರೇ ಆಗಿಹೋದರು.

ಅವರ ಸಂಸಾರ ನಡೆದ ರೀತಿ ಗಮನಿಸತಕ್ಕದ್ದು. ಲೂಸಿಲ್ ಅವರ ದಿನದ ಒಂದು ಪಾಲು ಹೊರರೋಗಿಗಳಿಗೆ, ಇನ್ನೊಂದು ಪಾಲು ಆಪರೇಷನ್ ಕೋಣೆಗೆ. ಕಟ್ಟಡ, ಔಷಧಿ, ಆಡಳಿತ, ದಾನಿಗಳ ಮುಂದೆ ಕೈಯೊಡ್ಡುವುದು ಪಿಯೆರೊ ಅವರ ಪಾಲು. ಹೆಚ್ಚು ಜನರಿಗೆ, ಆದಷ್ಟು ಒಳ್ಳೆಯ ಚಿಕಿತ್ಸೆ, ಆದಷ್ಟು ಕಡಿಮೆ ಖರ್ಚಿನಲ್ಲಿ ಸಿಗಬೇಕೆಂಬುದು ಅವರ ಗುರಿ. ಇದರಲ್ಲಿ ಎರಡನೆಯ ಮಾತು ಮುಖ್ಯ. ಬಡವರಿಗೆ ಏನಾದರೂ ಒಂದಿಷ್ಟು ಸಿಕ್ಕಿದರೆ ಸಾಕು ಎಂಬ ಧೋರಣೆ ದಾನಧರ್ಮ ಮಾಡುವವರಲ್ಲಿ ಎಷ್ಟು ಸಹಜವೆಂಬುದು ನಮಗೆ ಗೊತ್ತಿದೆ. ನಾವು ಬಡವರಿಗೆಂದು ತೆಗೆದಿಡುವ ಹಳೇ ಬಟ್ಟೆಗಳನ್ನೇ ನೋಡಿದರೆ ಸಾಕು. ಪಿಯೆರೊ ಅದಕ್ಕೆ ಒಪ್ಪಲಿಲ್ಲ. ರೋಗಿಗಳಿಂದ ಪಡೆಯುವ ಶುಲ್ಕವನ್ನು ಕಡಿಮೆ ಇಟ್ಟು, ಉಳಿದ ಖರ್ಚನ್ನು ದಾನಿಗಳಿಂದ ಸೇರಿಸಿದರು. 1973ರಲ್ಲಿ ನರ್ಸಿಂಗ್ ಶಾಲೆಯೂ ಶುರುವಾಯಿತು.

ಮಗಳು ದೊಮಿನಿಕ್ ಹುಟ್ಟಿದ್ದು 1962ರ ನವೆಂಬರಿನಲ್ಲಿ, ಉಗಾಂಡಕ್ಕೆ ಸ್ವಾತಂತ್ರ್ಯ ಬಂದ ಮರು ತಿಂಗಳು. ಅಚೋಲಿ ಜನ ಆಕೆಗೆ 'ಆತಿಮ್' ಎಂದು ಹೆಸರಿಟ್ಟರು. ತನ್ನವರ ಊರಿನಿಂದ ದೂರದಲ್ಲಿ ಹುಟ್ಟಿದವಳು ಎಂದು ಅದರ ಅರ್ಥ. ಆಸ್ಪತ್ರೆಯ ಅಂಗಳವೇ ಮಗುವಿನ ಆಟದ ಬಯಲು. ಆದರೆ 1971ರಲ್ಲಿ ಇದಿ ಅಮೀನನ ಆಡಳಿತ ಬಂತು. ಮರುವರ್ಷ ಭಾರತೀಯ ಮೂಲದವರನ್ನೆಲ್ಲ ಆತ ತೊಂಬತ್ತು ದಿನಗಳ ಗಡುವು ಕೊಟ್ಟು ಹೊರಗಟ್ಟಿದ್ದನ್ನು ನಮ್ಮಲ್ಲಿ ಹಿರಿಯರು ಇನ್ನೂ ಮರೆತಿಲ್ಲ. ದೇಶ ತತ್ತರಿಸಿತು, ಅಂಗಡಿಗಳು ಬರಿದಾದವು, ಯಾರ ಜೀವಕ್ಕೂ ಭರವಸೆ ಇಲ್ಲದಾಯಿತು. ತಂದೆತಾಯಿ ಮಗಳನ್ನು ಓದಿಗಾಗಿ ದೂರ ಕಳುಹಿಸಬೇಕಾಯಿತು. ತಾವು ಮಾತ್ರ ಅಲ್ಲೇ ಉಳಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಇಂಥ ಬದುಕುಗಳನ್ನು ಬಣ್ಣಿಸುವವರು ಸಾಮಾನ್ಯವಾಗಿ ಈ ಘಟ್ಟವನ್ನು ಎರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ಮಗನನ್ನಾಗಲಿ ಮಗಳನ್ನಾಗಲಿ ನನಗಿಂತ ಹೆಚ್ಚಾಗಿ ಪ್ರೀತಿಸುವವನು ನನಗೆ ತಕ್ಕವನಲ್ಲ ಎಂಬರ್ಥದ ಯೇಸುಸ್ವಾಮಿಯ ಮಾತನ್ನು (ಮತ್ತಾಯ 10:37) ಉದಾಹರಿಸಿ ಮುಂದೆ ಹೋಗುತ್ತಾರೆ. ಅದು ಅಷ್ಟು ಸುಲಭದ ಮಾತೇ? ಗುರುಗಳಾಗಲಿ ಕನ್ಯಾಸ್ತ್ರೀಯರಾಗಲಿ ಮಿಷನ್‌ಗೆ ಹೋಗುವಾಗ ತಾವಾಗಿ ಆರಿಸಿಕೊಂಡು ಹೋಗುತ್ತಾರೆ. ಗಂಡಹೆಂಡತಿಯೂ ಕೂಡಿ ಆಲೋಚಿಸಿ ಹೊರಡಬಲ್ಲರು. ಮಗುವನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ತಾಯಿ ಆಪರೇಷನ್ ಕೋಣೆಯಲ್ಲಿ, ತಂದೆ ಕಚೇರಿಯಲ್ಲಿ, ತಾನೋ ಬೇರೆ ದೇಶದ ಶಾಲೆಯಲ್ಲಿ ಎಂದರೆ ಆ ಮಗು ತೆತ್ತ ಬೆಲೆ ಅದರ ಸ್ವಂತ ಬೆಲೆ. ತಂದೆತಾಯಿಯ ತ್ಯಾಗದ ಲೆಕ್ಕಕ್ಕೆ ಅದನ್ನು ಸೇರಿಸಿ ಹೊಗಳುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ. ಮಿಷನರಿ ಕುಟುಂಬ ಎನ್ನುವಾಗ ಆ ಕುಟುಂಬದ ಅತಿ ಚಿಕ್ಕ ಸದಸ್ಯರೂ ಲೆಕ್ಕಕ್ಕಿದ್ದಾರೆ. ಕುಟುಂಬವನ್ನು ಕಳುಹಿಸುವ ಧರ್ಮಕೇಂದ್ರವಾಗಲಿ ಸಂಸ್ಥೆಯಾಗಲಿ, ವಿಮಾನದ ಟಿಕೆಟ್ಟಿನ ವಿಚಾರಕ್ಕಿಂತ ಮೊದಲು ಮಕ್ಕಳ ಶಾಲೆಯ ವಿಚಾರ ಮಾಡಬೇಕು.

1979ರಲ್ಲಿ ಅಮೀನ್ ಪದಚ್ಯುತನಾದ. ಆದರೆ ಗುಂಡಿನ ಸದ್ದು ನಿಲ್ಲಲಿಲ್ಲ. ಲಾಚೋರಿಗೆ ಯುದ್ಧದ ಗಾಯಾಳುಗಳು ಬರತೊಡಗಿದರು. ಗುಂಡು ತಗಲಿ ಚೂರಾದ ಮೂಳೆಗಳನ್ನು ಗಾಯದೊಳಗಿಂದ ತೆಗೆಯುವಾಗ ಅದರ ಚೂಪು ತುದಿಗಳು ಕೈಗವಸನ್ನು ಸೀಳಿ ಬೆರಳಿಗೆ ಚುಚ್ಚುತ್ತಿದ್ದವು. ಏಡ್ಸ್ ಎಂಬ ಹೆಸರು ಕೂಡ ಆಗ ಹುಟ್ಟಿರಲಿಲ್ಲ. 1985ರಲ್ಲಿ ರಕ್ತಪರೀಕ್ಷೆ ಲಭ್ಯವಾದಾಗ ಲೂಸಿಲ್ ಅವರಿಗೆ ಎಚ್‌ಐವಿ ಸೋಂಕು ತಗಲಿರುವುದು ತಿಳಿಯಿತು. ರೋಗಿಗಳಿಗೆ ಆಪರೇಷನ್ ಮಾಡುವಾಗಲೇ ಅಂಟಿದ ಸೋಂಕು ಅದು. ಹಿಂದಿರುಗಿ ಹೋಗಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೂ ದಂಪತಿ ಲಾಚೋರಿನಲ್ಲೇ ಉಳಿದರು. ಮೈಯಲ್ಲಿ ಶಕ್ತಿ ಇರುವ ತನಕ ಲೂಸಿಲ್ ಕೆಲಸ ಬಿಡಲಿಲ್ಲ. ಒಟ್ಟು 13,000ಕ್ಕೂ ಹೆಚ್ಚು ಆಪರೇಷನ್‌ಗಳನ್ನು ಅವರು ಮಾಡಿದ್ದಾರೆಂದು ದಾಖಲೆಗಳು ಹೇಳುತ್ತವೆ. 1996ರ ಆಗಸ್ಟ್ 1ರಂದು ಬೆಸಾನಾದಲ್ಲಿ ಅವರು ತೀರಿಕೊಂಡರು. ಎಚ್‌ಐವಿಯನ್ನು ಹತೋಟಿಯಲ್ಲಿಡಬಲ್ಲ ಹೊಸ ಔಷಧಿಗಳ ಜೋಡಣೆ ಶ್ರೀಮಂತ ದೇಶಗಳಲ್ಲಿ ಬಳಕೆಗೆ ಬಂದದ್ದೂ ಅದೇ ವರ್ಷ. ಅವರ ದೇಹವನ್ನು ಲಾಚೋರಿಗೆ ತಂದು ಆಸ್ಪತ್ರೆಯ ಆವರಣದಲ್ಲಿ ಸಮಾಧಿ ಮಾಡಿದರು.

ಇಷ್ಟಕ್ಕೇ ನಿಂತಿದ್ದರೆ ಇದು ಒಬ್ಬ ಮಹಾತಾಯಿಯ ಕತೆಯಾಗುತ್ತಿತ್ತು. ಆದರೆ ಎಫೆಸದ ಆ ಗುಡಾರದವರ ಮನೆಯನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳಿ. ಅವರು ಅಪೊಲ್ಲೋಸನಿಗೆ ಕಲಿಸಿದರು, ಮುಂದೆ ಅಖಾಯದಲ್ಲಿ ವಿಶ್ವಾಸಿಗಳಿಗೆ ನೆರವಾದವನು ಅಪೊಲ್ಲೋಸ್. ಕೊರ್ತಿ ದಂಪತಿಗೂ ಅಂಥ ಒಬ್ಬ ಅಪೊಲ್ಲೋಸ್ ಸಿಕ್ಕಿದ್ದರು. ಅವರೇ ಡಾ. ಮ್ಯಾಥ್ಯೂ ಲುಕ್ವಿಯಾ. 1983ರಲ್ಲಿ ಲಾಚೋರಿಗೆ ತರಬೇತಿಗೆಂದು ಬಂದ ಅಚೋಲಿ ಯುವಕ. ಆಸ್ಪತ್ರೆಯನ್ನು ಉಗಾಂಡದವರ ಕೈಗೇ ಒಪ್ಪಿಸಬೇಕೆಂಬುದು ಕೊರ್ತಿ ದಂಪತಿಯ ನಿರ್ಧಾರವಾಗಿತ್ತು, ತಮ್ಮ ನಂತರ ಇವರೇ ಎಂದು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. 1989ರ ಶುಭ ಶುಕ್ರವಾರ ಬಂಡುಕೋರರು ಆಸ್ಪತ್ರೆಗೆ ನುಗ್ಗಿ ಅಲ್ಲಿನ ಮಹಿಳೆಯರನ್ನು ಎಳೆದೊಯ್ಯಲು ನೋಡಿದಾಗ, ಅವರ ಬದಲು ನನ್ನನ್ನು ಕರೆದೊಯ್ಯಿರಿ ಎಂದು ಮುಂದೆ ನಿಂತವರು ಲುಕ್ವಿಯಾ. ಸುಮಾರು ಒಂದು ವಾರ ಅವರನ್ನು ಕಾಡಿನಲ್ಲಿ ಅಲೆಸಿ ಬಿಟ್ಟುಬಿಟ್ಟರು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮಕ್ಕಳ ಚಿಕಿತ್ಸೆಯ ಉನ್ನತ ಅಭ್ಯಾಸ ಮುಗಿಸಿದ ಮೇಲೂ ಅವರು ಹಿಂದಿರುಗಿದ್ದು ಲಾಚೋರಿಗೇ. ಬಂಡುಕೋರರ ಭಯದಿಂದ ಸುತ್ತಲ ಹಳ್ಳಿಗಳ ಸಾವಿರಾರು ಜನ ರಾತ್ರಿ ಮಲಗಲು ಆಸ್ಪತ್ರೆಯ ಆವರಣಕ್ಕೆ ಬರುತ್ತಿದ್ದ ಕಾಲ ಅದು.

2000ದ ಅಕ್ಟೋಬರಿನಲ್ಲಿ ಗುಲುವಿನಲ್ಲಿ ಜನ ವಿಚಿತ್ರ ಜ್ವರದಿಂದ ಸಾಯತೊಡಗಿದರು. ಕಂಪಾಲಾದಲ್ಲಿ ಓದುತ್ತಿದ್ದ ಲುಕ್ವಿಯಾ ಕರೆ ಬಂದೊಡನೆ ಹೊರಟುಬಂದರು, ಹೆಂಡತಿ ಮತ್ತು ಐವರು ಮಕ್ಕಳು ಕಂಪಾಲಾದಲ್ಲೇ ಉಳಿದರು. ಇದು ಎಬೋಲಾ ಇರಬಹುದೆಂದು ಊಹಿಸಿದ ಅವರು, ಪ್ರಯೋಗಾಲಯದ ಉತ್ತರಕ್ಕೆ ಕಾಯದೆ ರೋಗಿಗಳನ್ನು ಬೇರೆ ವಾರ್ಡಿನಲ್ಲಿ ಇಡಿಸಿದರು. ಆ ಪಿಡುಗಿನಲ್ಲಿ ಒಟ್ಟು 425 ಮಂದಿಗೆ ರೋಗ ತಗಲಿ 224 ಮಂದಿ ಸತ್ತರು. ಲಾಚೋರಿನ ನರ್ಸುಗಳೂ ಒಬ್ಬೊಬ್ಬರಾಗಿ ಸತ್ತರು. ಉಳಿದವರು ಹೆದರಿ ಕೆಲಸ ಬಿಡುವ ಮಾತಾಡಿದಾಗ ಲುಕ್ವಿಯಾ ಅವರನ್ನು ಕೂರಿಸಿಕೊಂಡು ಮಾತಾಡಿ ಧೈರ್ಯ ತುಂಬಿದರು. ಕೊನೆಗೆ ರೋಗ ಅವರನ್ನೂ ಬಿಡಲಿಲ್ಲ. ಡಿಸೆಂಬರ್ 5ರಂದು ಅವರು ತೀರಿಕೊಂಡರು. ಕೊರ್ತಿ ದಂಪತಿಯ ಮದುವೆಯ ದಿನವೂ ಅದೇ. ಲೂಸಿಲ್ ಅವರ ಸಮಾಧಿಯ ಪಕ್ಕದಲ್ಲೇ ಅವರನ್ನು ಮಣ್ಣುಮಾಡಿದರು.

ಮಗನಂತೆ ನೆಚ್ಚಿಕೊಂಡವರು ಹೋದ ಮೇಲೆ ಎಪ್ಪತ್ತೈದರ ಪಿಯೆರೊ ಅವರಿಗೆ ಹೇಗಾಗಿರಬೇಕು! ಆದರೂ ಆಸ್ಪತ್ರೆ ನಿಲ್ಲಲಿಲ್ಲ. ಲುಕ್ವಿಯಾ ಅವರ ಜೊತೆ ಬೆಳೆದ ಉಗಾಂಡದ ವೈದ್ಯರೇ ಅದರ ಹೊಣೆ ಹೊತ್ತರು. ಪಿಯೆರೊ 2003ರ ಏಪ್ರಿಲ್ 20ರಂದು, ಪಾಸ್ಖ ಭಾನುವಾರದ ದಿನ, ತೀರಿಕೊಂಡರು. ಅವರ ಸಮಾಧಿಯೂ ಲಾಚೋರಿನಲ್ಲೇ ಇದೆ. ಮೂವತ್ತು ಹಾಸಿಗೆಯ ಆಸ್ಪತ್ರೆ ಸುಮಾರು 480 ಹಾಸಿಗೆಗೆ ಬೆಳೆದಿದೆ, ಅದರ ಕೆಳಗೆ ಮೂರು ಗ್ರಾಮೀಣ ಆರೋಗ್ಯ ಕೇಂದ್ರಗಳಿವೆ. ಅದು ಗುಲು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು, ನಡೆಸುವವರು ಅಲ್ಲಿಯವರು.

ದೊಮಿನಿಕ್ ಕೂಡ ವೈದ್ಯಳಾದಳು. ತಂದೆತಾಯಿ 1993ರಲ್ಲಿ ಮಿಲಾನಿನಲ್ಲಿ ಆರಂಭಿಸಿದ ಪ್ರತಿಷ್ಠಾನದ ಹೊಣೆಯನ್ನು ತಂದೆಯ ನಂತರ ಆಕೆಯೇ ವಹಿಸಿಕೊಂಡು ಲಾಚೋರಿಗೆ ಹಣ ಸಂಗ್ರಹಿಸುವ ಕೆಲಸಕ್ಕೆ ನಿಂತಳು. ಇದನ್ನು ತಂದೆತಾಯಿಯ ತ್ಯಾಗಕ್ಕೆ ಸಿಕ್ಕ ಬಹುಮಾನವೆಂದು ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಆಕೆಯನ್ನು ಯಾರೂ ಕೇಳಿರಲಿಲ್ಲ, ಈ ಬಾರಿ ಆಕೆ ತಾನೇ ಆರಿಸಿಕೊಂಡಳು ಎಂದಷ್ಟೇ ಹೇಳಬಹುದು.

ಈ ವಾರ ರಾತ್ರಿಯ ಜಪಸರದ ನಂತರ ಮನೆಮಂದಿಯೆಲ್ಲ ಕೂಡಿ ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯವನ್ನೂ ರೋಮನರಿಗೆ ಬರೆದ ಪತ್ರದ 16ನೇ ಅಧ್ಯಾಯದ ಮೊದಲ ಐದು ವಚನಗಳನ್ನೂ ಓದಿರಿ. ಅಕ್ವಿಲ ಪ್ರಿಸ್ಸಿಲರು ತಮಗಾಗಿ ಪ್ರಾಣವನ್ನೇ ಪಣಕ್ಕಿಟ್ಟರೆಂದು ಪೌಲರು ಅಲ್ಲಿ ನೆನೆಯುತ್ತಾರೆ. ಆಮೇಲೆ ಮಕ್ಕಳನ್ನೇ ಮೊದಲು ಮಾತಾಡಲು ಬಿಡಿ: ಅಪ್ಪ ಅಮ್ಮ ನಾಳೆ ಇಂಥ ಸೇವೆಗೆ ಹೊರಟರೆ ನೀವು ಏನು ಕೇಳುತ್ತೀರಿ ಎಂದು ಪ್ರಶ್ನಿಸಿ. ದೊಡ್ಡವರು ಉತ್ತರ ಕೊಡುವ ಅವಸರ ಮಾಡದೆ ಕೇಳಿಸಿಕೊಳ್ಳಿ.