ದಿನಕ್ಕೊಂದಿಷ್ಟು ಕಲಿಕೆ: ಯಂತ್ರದ ನೆರವು, ನಮ್ಮ ಸಾಧನೆ

ದೇಹಕ್ಕೆ ಆಹಾರವು ಹೇಗೋ ಬುದ್ಧಿಗೆ ಕಲಿಕೆಯು ಹಾಗೆ. ಒಂದೇ ದಿನ ಹತ್ತು ರೊಟ್ಟಿ ಉಂಡು ವಾರವೆಲ್ಲ ಉಪವಾಸವಿದ್ದರೆ ದೇಹವು ಸೊರಗುತ್ತದೆ. ಒಂದು ರಾತ್ರಿಯೆಲ್ಲ ಓದಿ ತಿಂಗಳುಗಟ್ಟಲೆ ಪುಸ್ತಕ ಮುಟ್ಟದಿದ್ದರೆ ತಿಳಿವೂ ಹಾಗೆಯೇ ಸೊರಗುತ್ತದೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆಯು ಶೇ. 52ರ ಆಸುಪಾಸಿನಲ್ಲಿದ್ದು, ರಾಜ್ಯದಲ್ಲಿಯೇ ಅತ್ಯಂತ ಕಡಿಮೆಯಾಗಿತ್ತು. ರಾಜ್ಯದ ಸರಾಸರಿಯು ಶೇ. 75. ತಮ್ಮದೇ ರಕ್ತಪರೀಕ್ಷೆಯ ವರದಿಯನ್ನು ಓದಲಾರದ ತಾಯಂದಿರು ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಆದುದರಿಂದ ನಮ್ಮ ಪಾಲಿಗೆ ಕಲಿಕೆಯು ಆರೋಗ್ಯದ ವಿಷಯವೂ ಹೌದು.

ಸ್ವಂತ ಕಲಿಕೆಗೆ ನಮ್ಮ ನೆಲದಲ್ಲಿಯೇ ನಿದರ್ಶನವಿದೆ. 1840ರ ದಶಕದಲ್ಲಿ ಸುರಪುರಕ್ಕೆ ಆಡಳಿತಾಧಿಕಾರಿಯಾಗಿ ಬಂದ ಮೆಡೋಸ್ ಟೇಲರ್ ಹದಿಹರೆಯದಲ್ಲಿಯೇ ಶಾಲೆ ಬಿಟ್ಟು ಭಾರತಕ್ಕೆ ಬಂದವನು. ಭಾಷೆ, ಭೂಮಾಪನ, ಕಾನೂನುಗಳನ್ನು ಉದ್ಯೋಗದ ಬಿಡುವಿನಲ್ಲಿ ತಾನೇ ಕಲಿತನು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನ ನೆನಪನ್ನು ಉಳಿಸಿಕೊಂಡಿದೆ.

ಅಭ್ಯಾಸವು ಎಷ್ಟು ದಿನಗಳಲ್ಲಿ ಮೈಗೂಡುತ್ತದೆ? ಲಂಡನ್ನಿನ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸರಾಸರಿ 66 ದಿನಗಳು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡುವುದಿಲ್ಲವೆಂಬುದು ಅದರ ಸಮಾಧಾನದ ಮಾತು. ಹೊಸ ಅಭ್ಯಾಸವನ್ನು ಈಗಾಗಲೇ ನಡೆಯುತ್ತಿರುವ ನಿತ್ಯಕರ್ಮಕ್ಕೆ ಜೋಡಿಸಿದರೆ ಸುಲಭ. ಬೆಳಗಿನ ಇಷ್ಟಲಿಂಗ ಪೂಜೆಯ ನಂತರದ ಹದಿನೈದು ನಿಮಿಷಗಳನ್ನು ಕಲಿಕೆಗೆ ಮೀಸಲಿಡಬಹುದು.

ಈ ಹದಿನೈದು ನಿಮಿಷಗಳಲ್ಲಿ ಮೊಬೈಲಿನ ಕೃತಕ ಬುದ್ಧಿಮತ್ತೆಯು ಜೊತೆಗಾರನಾಗಬಲ್ಲದು. ಇಂದು ಅದರೊಡನೆ ಕನ್ನಡದಲ್ಲಿಯೇ ಮಾತನಾಡಬಹುದು, ಉತ್ತರವನ್ನು ಕಿವಿಯಿಂದ ಕೇಳಬಹುದು. ಸಕ್ಕರೆ ಕಾಯಿಲೆಯುಳ್ಳವರು ಹೀಗೆ ಆರಂಭಿಸಲಿ.

ಮೊದಲನೆಯದಾಗಿ, ದಿನಕ್ಕೆ ಒಂದೇ ಪ್ರಶ್ನೆ. “ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಎಂದರೇನು? ಸರಳವಾಗಿ ತಿಳಿಸು” ಎಂದು ಕೇಳಿರಿ. ಆ ಪರೀಕ್ಷೆಯ ಹೆಸರು ಎಚ್‌ಬಿಎ1ಸಿ, ಅದು ಶೇ. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹದ ಲಕ್ಷಣ.

ಎರಡನೆಯದಾಗಿ, ಮೊಬೈಲನ್ನು ಬದಿಗಿಟ್ಟು, ಕೇಳಿದ್ದನ್ನು ಮನೆಯವರಿಗೆ ನಿಮ್ಮ ಮಾತಿನಲ್ಲಿ ಹೇಳಿರಿ. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆದುದೇ ಹೆಚ್ಚು ಕಾಲ ಉಳಿಯುವುದೆಂದು ಸಂಶೋಧಕರು ಕಂಡಿದ್ದಾರೆ.

ಮೂರನೆಯದಾಗಿ, ಯಂತ್ರವೇ ನಿಮ್ಮನ್ನು ಪ್ರಶ್ನಿಸಲಿ. “ನಿನ್ನೆಯ ವಿಷಯದ ಮೇಲೆ ಒಂದೊಂದಾಗಿ ಮೂರು ಪ್ರಶ್ನೆ ಕೇಳು, ನಾನು ಹೇಳುವವರೆಗೆ ಉತ್ತರ ಕೊಡಬೇಡ” ಎನ್ನಿರಿ. ಕಲಿತುದು ಬೇಗನೆ ಮರೆಯಾಗುವ ಬಗೆಯನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದನು. ಆದುದರಿಂದ ಅದೇ ವಿಷಯವನ್ನು ಮರುದಿನ, ಮೂರನೆಯ ದಿನ, ವಾರದ ನಂತರ ಮತ್ತೆ ನೆನೆಯಬೇಕು.

ನಾಲ್ಕನೆಯದಾಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿರಿ.

ಎಚ್ಚರಿಕೆಯ ಮಾತೂ ಅಗತ್ಯ. ಕೃತಕ ಬುದ್ಧಿಮತ್ತೆಯು ತಪ್ಪನ್ನೂ ನಿಜದಷ್ಟೇ ಧೈರ್ಯದಿಂದ ಹೇಳುತ್ತದೆ. ಅದರ ಮಾತು ನಂಬಿ ಮಾತ್ರೆ ಬಿಡುವುದು, ಇನ್ಸುಲಿನ್ ಪ್ರಮಾಣ ಬದಲಿಸುವುದು ಪ್ರಾಣಕ್ಕೆ ಅಪಾಯ. ಕಲಿತುದರಿಂದ ಹುಟ್ಟಿದ ಪ್ರಶ್ನೆಗಳನ್ನು ಬರೆದುಕೊಂಡು ವೈದ್ಯರ ಮುಂದಿಡಿರಿ, ನಿರ್ಧಾರವು ಅವರದಾಗಿರಲಿ. ಆಧಾರ್ ಸಂಖ್ಯೆ, ಬ್ಯಾಂಕಿನ ವಿವರಗಳನ್ನು ಯಂತ್ರಕ್ಕೆ ಕೊಡಬೇಡಿರಿ. ಮಕ್ಕಳು ಶಾಲೆಯ ಪಾಠವನ್ನು ಅದರಿಂದಲೇ ಬರೆಸಿದರೆ ಕಲಿತದ್ದು ಯಂತ್ರವಲ್ಲ, ಮಕ್ಕಳೂ ಅಲ್ಲ.

ಕಾಯಕವನ್ನು ಪರರಿಂದ ಮಾಡಿಸಲಾಗದು. ಕಲಿಕೆಯೂ ಒಂದು ಕಾಯಕವೇ. ಓದು ಬಲ್ಲ ಮಗಳು ತಾಯಿಯ ಪಕ್ಕದಲ್ಲಿ ಕುಳಿತು ದಿನಕ್ಕೊಂದು ಪ್ರಶ್ನೆ ಕೇಳಿಸಲಿ. ಎರಡು ತಿಂಗಳ ನಂತರ ಆ ತಾಯಿಯು ತನ್ನ ವರದಿಯ ಅಂಕಿಯನ್ನು ತಾನೇ ಗುರುತಿಸಿ ವೈದ್ಯರನ್ನು ಪ್ರಶ್ನಿಸುವಂತಾದರೆ, ಈ ಹದಿನೈದು ನಿಮಿಷಗಳು ಸಾರ್ಥಕ.